ಬ್ಯಾಕ್ ಒತ್ತಿದ್ರೆ ಪೇಜು ಮತ್ತೆ ಮೇಲಿಂದ ಶುರುವಾಗುತ್ತಾ? ಹೀಗೆ ಮಾಡಿ ನೋಡಿ

ಮೇ ತಿಂಗಳ ಕೊನೆ, ಮಳೆ ಹಿಡಿಯೋದ್ರೊಳಗೆ ತೋಟಕ್ಕೆ ಒಂದು ಸಲ ಬೋರ್ಡೋ (ಮೈಲುತುತ್ತ, ಸುಣ್ಣದ ಔಷಧಿ) ಹೊಡೆದು ಮುಗಿಸ್ಬೇಕು, ಇಲ್ದಿದ್ರೆ ಕೊಳೆರೋಗ ಬಂದು ಎಳೆ ಅಡಿಕೆ ಎಲ್ಲ ಉದುರುತ್ತೆ, ಆದ್ರೆ ಮರ ಹತ್ತೋ ಕೊನೆಗೌಡ್ರು ಸಿಗೋದು ಈಗ ಎಷ್ಟು ಕಷ್ಟ ಅಂತ ಶಿರಸಿ ಕಡೆ ತೋಟ ಇರೋರಿಗೆ ನಾನು ಹೇಳ್ಬೇಕಾಗಿಲ್ಲ. ಹಾಗಾಗಿ ನಮ್ಮ ಅಪ್ಪಯ್ಯ ಈ ಸಲ ನೆಲದಲ್ಲೇ ನಿಂತು ಔಷಧಿ ಹೊಡೆಯೋ ಉದ್ದ ಕೋಲು, ಫೈಬರ್ ದೋಟಿ ತಗೊಂಡೇ ಬಿಡೋಣ ಅಂತ ಫೋನ್ ಹಿಡ್ಕೊಂಡು ಜಗಲಿ ಮೇಲೆ ಕೂತ್ರು. ನಮ್ಮನೇಲಿ ಸಿಗ್ನಲ್ ನೆಟ್ಟಗೆ ಬರೋದು ಜಗಲಿ ಮೂಲೆ ಕಂಬದ ಹತ್ರ ಮಾತ್ರ, ಅಲ್ಲೂ ಗಾಳಿ ಜೋರಾದ್ರೆ ಹೋಗುತ್ತೆ.

ಒಂದು ಶಾಪಿಂಗ್ ಸೈಟಲ್ಲಿ ದೋಟಿ ಅಂತ ಹುಡುಕಿದ್ರು, ಉದ್ದ ಲಿಸ್ಟ್ ಬಂತು. 40 ಅಡಿದು, 60 ಅಡಿದು, ಬರೀ ಕೊಕ್ಕೆ, ಬರೀ ಸ್ಪ್ರೇ ನಳಿಗೆ, ಎಲ್ಲ ಸೇರ್ಕೊಂಡು. ಕೆಳಗೆ ಹೋಗ್ತಾ ಹೋಗ್ತಾ "ಇನ್ನಷ್ಟು ತೋರಿಸಿ" ಅನ್ನೋದನ್ನ ನಾಲ್ಕು ಸಲ ಒತ್ತಿ ಕೊನೆಗೊಂದು ಸರಿ ಅನ್ಸಿದ್ದು ಸಿಕ್ತು, ಅದನ್ನ ಒತ್ತಿ ರೇಟು ನೋಡಿದ್ರು, ಪಕ್ಕದ್ದಕ್ಕೂ ಇದಕ್ಕೂ ಹೋಲಿಸಿ ನೋಡೋಣ ಅಂತ ಬ್ಯಾಕ್ ಒತ್ತಿದ್ರು. ಸ್ಕ್ರೀನ್ ಬೆಳ್ಳಗಾಯ್ತು, ಸುಮಾರು ಹೊತ್ತು ಗಿರಗಿರ ತಿರುಗ್ತು, ಆಮೇಲೆ ಬಂದಿದ್ದು ಲಿಸ್ಟಿನ ಮೊದಲನೇ ಐಟಂ. "ತಮಾ, ಇದು ಮತ್ತೆ ಮೇಲೆ ಹೋತಲಾ" ಅಂದ್ರು. ಮತ್ತೆ ಕೆಳಗೆ ಹೋದ್ರು, ಮತ್ತೆ ನಾಲ್ಕು ಸಲ ಒತ್ತಿದ್ರು, ಮತ್ತೆ ಅದೇ ಆಯ್ತು. ಮೂರನೇ ಸಲ ಫೋನ್ ಅಲ್ಲೇ ಇಟ್ಟು ಕೊಟ್ಟಿಗೆ ಕಡೆ ಎದ್ದು ಹೋದ್ರು. ತಾವೇ ಎಂತದೋ ತಪ್ಪು ಒತ್ತಿದೀನಿ ಅಂದ್ಕೊಂಡಿದ್ರು ಅವ್ರು, ನಂಗೆ ಬೇಜಾರಾಗಿದ್ದು ಅದಕ್ಕೇ.

ಅವ್ರು ಒಂದು ತಪ್ಪೂ ಮಾಡಿರ್ಲಿಲ್ಲ. ನೀವೂ ಮಾಡ್ತಿಲ್ಲ. ಪೇಟೇಲಿ ಒಳ್ಳೆ ನೆಟ್ ಇರೋರಿಗೆ ಇದು ನಾಲ್ಕು ಸೆಕೆಂಡಿನ ಕಿರಿಕಿರಿ ಅಷ್ಟೇ, ಆದ್ರೆ ಘಟ್ಟದ ಮೇಲೆ ಟವರ್ ದೂರ ಇರೋ ಊರಲ್ಲಿ ಇಡೀ ಪೇಜು ಇನ್ನೊಂದ್ಸಲ ಡೌನ್‌ಲೋಡ್ ಆಗ್ಬೇಕು ಅಂದ್ರೆ ಒಂದೊಂದ್ಸಲ ಐದು ನಿಮಿಷ, ಡೇಟಾನೂ ಡಬಲ್. ಅವತ್ತು ಸಂಜೆ ಅಪ್ಪಯ್ಯಂಗೆ ಹೇಳ್ಕೊಟ್ಟಿದ್ದನ್ನೇ ಇಲ್ಲಿ ಬರೀತಿದೀನಿ, ಮನೇಲಿ ದೊಡ್ಡೋರಿದ್ರೆ ಅವ್ರ ಪಕ್ಕ ಕೂತು ಒಂದ್ಸಲ ತೋರಿಸಿ.

ಯಾಕೆ ಹಿಂಗಾಗುತ್ತೆ

ಇದು ಗೊತ್ತಾದ್ರೆ ಉಪಾಯ ತಾನಾಗೇ ಹೊಳೆಯುತ್ತೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಕ್ರೋಮ್ ಇರ್ಲಿ ಫೈರ್‌ಫಾಕ್ಸ್ ಇರ್ಲಿ ಸಫಾರಿ ಇರ್ಲಿ, ನೀವೊಂದು ಪೇಜಿಂದ ಇನ್ನೊಂದಕ್ಕೆ ಹೋಗುವಾಗ ಎಷ್ಟು ಕೆಳಗೆ ಇದ್ರಿ ಅನ್ನೋದನ್ನ ಗುರುತು ಹಾಕಿ ಇಟ್ಕೊಳ್ಳುತ್ತೆ, ಮೇಲಿಂದ ಇಷ್ಟು ಪಿಕ್ಸೆಲ್ (ಸ್ಕ್ರೀನಿನ ಸಣ್ಣ ಚುಕ್ಕೆ) ಅಂತ. ಬ್ಯಾಕ್ ಒತ್ತಿದಾಗ ಹಳೇ ಪೇಜನ್ನ ಎರಡು ಥರ ವಾಪಸ್ ತರಬಹುದು.

ಅಡಿಕೆ ಸುಲಿಯೋಕೆ ಕೂತವ್ರು ಚಾ ಕುಡಿಯೋಕೆ ಅಂತ ಎದ್ದು ಒಳಗೆ ಹೋದ್ರು ಅಂತಿಟ್ಕೊಳ್ಳಿ. ಮೆಟ್ಟುಗತ್ತಿ, ಒಂದು ಬದಿಗೆ ಹಸಿ ಅಡಿಕೆ ರಾಶಿ, ಇನ್ನೊಂದು ಬದಿಗೆ ಸುಲಿದಿದ್ದರ ಬುಟ್ಟಿ, ಎಲ್ಲ ಇದ್ದಲ್ಲೇ ಇದ್ರೆ ವಾಪಸ್ ಬಂದು ಕೂತು ಮುಂದಿನ ಅಡಿಕೆ ಕೈಗೆ ತಗೊಂಡ್ರೆ ಮುಗೀತು. ಬ್ರೌಸರಲ್ಲಿ ಇದಕ್ಕೆ ಬಿಎಫ್‌ಕ್ಯಾಶ್ ಅಂತಾರೆ, ಅಂದ್ರೆ ಬ್ಯಾಕ್ ಫಾರ್ವರ್ಡ್ ಕ್ಯಾಶ್, ನೀವು ಬಿಟ್ಟು ಹೋದ ಪೇಜನ್ನ ಹಾಗೇ ಮೆಮೊರಿಯಲ್ಲಿ ನಿಲ್ಲಿಸಿಡೋದು. ನೀವು ನಾಲ್ಕು ಸಲ ಒತ್ತಿ ತರಿಸಿದ ಲಿಸ್ಟು, ನಿಂತ ಜಾಗ, ಎಲ್ಲ ಅದರಲ್ಲಿ ಇರುತ್ತೆ, ಬ್ಯಾಕ್ ಒತ್ತಿದ ಕೂಡ್ಲೆ ನೆಟ್ ಇಲ್ದೇನೂ ಬರುತ್ತೆ. ಫೈರ್‌ಫಾಕ್ಸಲ್ಲಿ ಇದು 2005ರಿಂದ್ಲೇ ಇದೆ, ಕ್ರೋಮ್‌ಗೆ ಬಂದಿದ್ದು ತಡವಾಗಿ, ಮೊಬೈಲಿಗೆ 2020ರಲ್ಲಿ, ಕಂಪ್ಯೂಟರಿಗೆ 2021ರಲ್ಲಿ.

ಇನ್ನೊಂದು ಥರ ಏನಂದ್ರೆ ಚಾ ಕುಡಿಯೋಕೆ ಹೋದಾಗ ಯಾರೋ ಬಂದು ರಾಶಿ ಎಲ್ಲ ಎತ್ತಿ ಒಳಗಿಟ್ಟು ಅಂಗಳ ಗುಡಿಸಿಬಿಟ್ರು. ಈಗ ಮತ್ತೆ ಮೊದಲಿಂದ ತಂದು ಸುರಿಬೇಕು. ಬ್ರೌಸರ್ ಪೇಜನ್ನ ಹೊಸದಾಗಿ ಕಟ್ಟುತ್ತೆ, ಆದ್ರೆ ಹೊಸದಾಗಿ ಕಟ್ಟಿದ ಪೇಜಲ್ಲಿ ಇರೋದು ಮೊದಲ 20 ಐಟಂ ಮಾತ್ರ. ಬ್ರೌಸರ್ ಹತ್ರ ಇರೋ ಗುರುತು 9000 ಪಿಕ್ಸೆಲ್ ಕೆಳಗೆ ಅಂತ ಇದ್ರೂ ಪೇಜಿನ ಉದ್ದವೇ 3000 ಇದ್ರೆ ಅದು ಎಲ್ಲಿಗೆ ಅಂತ ಹೋಗ್ಬೇಕು ಹೇಳಿ. ಅದಕ್ಕೇ ಮೇಲೋ ಇಲ್ಲಾ ಎಲ್ಲೋ ನಡುವೆಯೋ ನಿಂತ್ಬಿಡುತ್ತೆ.

ಎತ್ತಿಡೋರು ಯಾರು ಅಂದ್ರೆ, ಒಂದೊಂದ್ಸಲ ಸೈಟೇ. ಈ ಪೇಜನ್ನ ಇಟ್ಕೋಬೇಡ ಅಂತ ಅದೇ ಬ್ರೌಸರಿಗೆ ಹೇಳಿರುತ್ತೆ, ಬ್ಯಾಂಕ್ ಸೈಟುಗಳು ಸುರಕ್ಷತೆಗೆ ಅಂತ ಹಿಂಗೆ ಮಾಡ್ತಾವೆ, ಅದು ಸರಿ, ಆದ್ರೆ ದೋಟಿ ಲಿಸ್ಟಿಗೆ ಅದರ ಅಗತ್ಯ ಇಲ್ಲ. ಒಂದೊಂದ್ಸಲ ಫೋನು, 2 ಜಿಬಿ 3 ಜಿಬಿ ರ‍್ಯಾಮ್ ಇರೋ ಫೋನಲ್ಲಿ ಜಾಗ ಸಾಲದೆ ಹಳೇ ಪೇಜನ್ನ ಬಿಟ್ಬಿಡುತ್ತೆ. ಇನ್ನೊಂದು ಹೊತ್ತು ಮೀರೋದು, ಕ್ರೋಮ್ ಸುಮಾರು ಹತ್ತು ನಿಮಿಷ ಮಾತ್ರ ಹೀಗೆ ಇಟ್ಕೊಳ್ಳುತ್ತೆ, ಐಟಂ ತೆಗ್ದು ನೋಡ್ತಾ ನೋಡ್ತಾ ಊಟಕ್ಕೆ ಎದ್ದು ಹೋಗಿ ಬಂದು ಬ್ಯಾಕ್ ಒತ್ತಿದ್ರೆ ಅಷ್ಟೊತ್ತಿಗೆ ಅಂಗಳ ಗುಡಿಸಿ ಆಗಿರುತ್ತೆ.

ಮೇಲೆ ಹೋಗ್ಬಿಡ್ತು, ಈಗ ಏನು ಮಾಡೋದು

ಕೈ ಹಚ್ಚಬೇಡಿ. ಇದು ತುಂಬಾ ಮುಖ್ಯ, ಬಹಳ ಜನಕ್ಕೆ ಗೊತ್ತಿಲ್ಲ. ಬ್ಯಾಕ್ ಒತ್ತಿದ ಮೇಲೆ ಪೇಜ್ ಮೇಲಿಂದ ಕಾಣಿಸಿದ್ರೂ ಬ್ರೌಸರ್ ಇನ್ನೂ ಪ್ರಯತ್ನ ಮಾಡ್ತಾ ಇರಬಹುದು, ಫೋಟೋಗಳು ಒಂದೊಂದಾಗಿ ಬಂದು ಪೇಜ್ ಉದ್ದ ಆಗ್ತಾ ಹೋದ ಹಾಗೆ ನಿಮ್ಮ ಹಳೇ ಜಾಗಕ್ಕೆ ಕರ್ಕೊಂಡು ಹೋಗುತ್ತೆ. ಆದ್ರೆ ನೀವು ಅಷ್ಟರಲ್ಲಿ ಬೆರಳಿಟ್ಟು ಸ್ಕ್ರಾಲ್ ಮಾಡಿದ್ರೆ, ಓ ಇವ್ರೇ ಹೋಗ್ತಿದಾರೆ ಅಂತ ಅದು ತನ್ನ ಪ್ರಯತ್ನ ಬಿಟ್ಬಿಡುತ್ತೆ. ನೆಟ್ ನಿಧಾನ ಇದ್ದಷ್ಟೂ ಜಾಸ್ತಿ ಕಾಯ್ಬೇಕು. ಮೇಲೆ ಓಡೋ ಗೆರೆ ಪೂರ್ತಿ ನಿಲ್ಲೋವರೆಗೆ ಸುಮ್ನೆ ಇರಿ.

ಕಾದ್ರೂ ಬರ್ಲಿಲ್ಲ ಅಂದ್ರೆ ಮುಂದಕ್ಕೆ ಹೋಗೋ ಬಾಣ ನೆನಪಿರ್ಲಿ. ಆಂಡ್ರಾಯ್ಡ್ ಫೋನಿನ ಕ್ರೋಮಲ್ಲಿ ಮೂಲೇಲಿರೋ ಮೂರು ಚುಕ್ಕೆ ಒತ್ತಿದ್ರೆ ಎಲ್ಲಕ್ಕಿಂತ ಮೇಲೆ ಬಲಕ್ಕೆ ಮುಖ ಮಾಡಿದ ಬಾಣ ಇರುತ್ತೆ, ಒತ್ತಿದ್ರೆ ನೀವು ನೋಡ್ತಿದ್ದ ಐಟಂ ಸಿಗುತ್ತೆ. ಅಲ್ಲಿ ಅದರ ಹೆಸರು ನೋಡ್ಕೊಂಡು ವಾಪಸ್ ಬಂದು ಅದೇ ಮೂರು ಚುಕ್ಕೇಲಿ ಫೈಂಡ್ ಇನ್ ಪೇಜ್ ಅಂತ ಇದೆ, ಅದರಲ್ಲಿ ಹೆಸರಿನ ಒಂದು ಪದ ಟೈಪ್ ಮಾಡಿ, ನೇರ ಅಲ್ಲಿಗೇ ಹೋಗುತ್ತೆ. ಲೋಡ್ ಆಗಿರೋ ಭಾಗದಲ್ಲಿ ಮಾತ್ರ ಹುಡುಕುತ್ತೆ ಅನ್ನೋದು ಗೊತ್ತಿರ್ಲಿ, ಇನ್ನಷ್ಟು ತೋರಿಸಿ ಒತ್ತದೇ ಇದ್ರೆ ಕೆಳಗಿನದ್ದು ಸಿಗಲ್ಲ. ಉದ್ದದ ಲೇಖನ ಓದುವಾಗ ಜಾಗ ಕಳ್ಕೊಂಡ್ರೂ ಇದೇ ಉಪಾಯ, ಕೊನೇಗೆ ಓದಿದ್ದರಲ್ಲಿ ನೆನಪಿರೋ ಒಂದು ಅಪರೂಪದ ಪದ ಹಾಕಿ.

ಮತ್ತೆ, ಪೇಜಿನ ಮೇಲ್ತುದೀಲಿ ಇದ್ದಾಗ ಕೆಳಕ್ಕೆ ಎಳೆದ್ರೆ ರಿಫ್ರೆಶ್ ಆಗುತ್ತಲ್ಲ, ಗಾಬರೀಲಿ ಅದನ್ನ ಮಾಡ್ಬೇಡಿ, ಬರ್ತಾ ಇದ್ದಿದ್ದೂ ಹೋಗುತ್ತೆ.

ಬ್ಯಾಕ್ ಒತ್ತೋದನ್ನೇ ತಪ್ಪಿಸಿ

ನಿಜವಾದ ಪರಿಹಾರ ಇದು. ಲಿಸ್ಟಲ್ಲಿ ಏನಾದ್ರೂ ನೋಡ್ಬೇಕು ಅಂದ್ರೆ ಅದನ್ನ ಸುಮ್ನೆ ಒತ್ತಬೇಡಿ, ಒತ್ತಿ ಹಿಡ್ಕೊಳ್ಳಿ. ಒಂದು ಸೆಕೆಂಡ್ ಆದ್ಮೇಲೆ ಒಂದು ಮೆನು ಏಳುತ್ತೆ, ಅದರಲ್ಲಿ ಓಪನ್ ಇನ್ ನ್ಯೂ ಟ್ಯಾಬ್ ಅಂತ ಇರುತ್ತೆ, ಫೋನ್ ಕನ್ನಡದಲ್ಲಿದ್ರೆ ಹೊಸ ಟ್ಯಾಬ್‌ನಲ್ಲಿ ತೆರೆಯೋ ಅರ್ಥದ ಸಾಲು. ಅದನ್ನ ಒತ್ತಿ. ಲಿಸ್ಟ್ ಕದಲಲ್ಲ, ನೀವು ನಿಂತಲ್ಲೇ ನಿಂತಿರ್ತೀರಿ, ಆ ಐಟಂ ಹಿಂದೆ ಬೇರೆ ಟ್ಯಾಬಲ್ಲಿ ತೆರ್ಕೊಳ್ಳುತ್ತೆ.

ನಮ್ಮಂಥ ನೆಟ್‌ವರ್ಕಿಗೆ ಇದರಿಂದ ಇನ್ನೊಂದು ದೊಡ್ಡ ಲಾಭ ಇದೆ. ಲಿಸ್ಟಲ್ಲಿ ಕೆಳಗೆ ಹೋಗ್ತಾ ಇಷ್ಟ ಆಗಿದ್ದನ್ನೆಲ್ಲ ಹೀಗೆ ಒತ್ತಿ ಹಿಡಿದು ತೆಗಿತಾ ಹೋಗಿ, ನಾಲ್ಕೋ ಐದೋ, ನೀವು ಮುಂದಿನದನ್ನ ನೋಡೋ ಹೊತ್ತಿಗೆ ಹಿಂದಿನವು ನಿಧಾನಕ್ಕೆ ಲೋಡ್ ಆಗ್ತಾ ಇರ್ತಾವೆ. ಒಂದೊಂದಕ್ಕೂ ಕಾಯೋದು ತಪ್ಪುತ್ತೆ. ಅಪ್ಪಯ್ಯ ಹಂಗೇ ಮಾಡಿದ್ರು, ಕಂಬದ ಹತ್ರ ನಿಂತು ಐದು ದೋಟಿ ಐದು ಟ್ಯಾಬಲ್ಲಿ ತೆಗ್ದು, ಆಮೇಲೆ ಒಳಗೆ ಹೋಗಿ ಸಿಗ್ನಲ್ ಇಲ್ದಿದ್ರೂ ಆರಾಮಾಗಿ ಕೂತು ಆಯಿಗೂ ತೋರಿಸಿ ಉದ್ದ ಎಷ್ಟು, ತೂಕ ಎಷ್ಟು, ಮಡಚಿದ್ರೆ ಎಷ್ಟಾಗುತ್ತೆ ಅಂತ ಒಂದೊಂದೇ ನೋಡಿದ್ರು.

ನೋಡಿ ಆದ್ಮೇಲೆ ಲಿಸ್ಟಿಗೆ ಬರೋದು ಹೇಗೆ ಅಂತ ಅವ್ರಿಗೆ ಅನುಮಾನ ಬಂತು, ಅದಕ್ಕೂ ಸುಲಭ ದಾರಿ ಇದೆ. ಆಂಡ್ರಾಯ್ಡ್ ಫೋನಿನ ಕ್ರೋಮಲ್ಲಿ ಹೀಗೆ ಲಿಂಕಿಂದ ತೆಗ್ದ ಹೊಸ ಟ್ಯಾಬಲ್ಲಿ ಇದ್ದಾಗ ಬ್ಯಾಕ್ ಒತ್ತಿದ್ರೆ ಆ ಟ್ಯಾಬ್ ತಾನೇ ಮುಚ್ಚಿ ಲಿಸ್ಟಿನ ಟ್ಯಾಬಿಗೆ ಬರುತ್ತೆ. ಅಂದ್ರೆ ಬೆರಳಿನ ಅಭ್ಯಾಸ ಬದಲಾಗ್ಬೇಕಾಗಿಲ್ಲ, ಒತ್ತೋ ಬದಲು ಒತ್ತಿ ಹಿಡಿಯೋದೊಂದೇ ಹೊಸದು, ವಾಪಸ್ ಬರೋದು ಮೊದಲಿನ ಹಾಗೇ.

ಐಫೋನ್ ಸಫಾರಿಯಲ್ಲೂ ಒತ್ತಿ ಹಿಡಿದ್ರೆ ಇದೇ ಥರ ಬರುತ್ತೆ. ಕಂಪ್ಯೂಟರಲ್ಲಿ ಮೌಸಿನ ನಡುವಿನ ಚಕ್ರವನ್ನ ಲಿಂಕ್ ಮೇಲಿಟ್ಟು ಒತ್ತಿ, ಇಲ್ಲಾ ಕಂಟ್ರೋಲ್ ಹಿಡ್ಕೊಂಡು ಕ್ಲಿಕ್ ಮಾಡಿ. ನೋಡಿ ಮುಗಿದ್ಮೇಲೆ ಕಂಟ್ರೋಲ್ ಜೊತೆ ಡಬ್ಲ್ಯೂ ಒತ್ತಿದ್ರೆ ಆ ಟ್ಯಾಬ್ ಮುಚ್ಚುತ್ತೆ.

ಒತ್ತಿ ಹಿಡಿದ್ರೂ ಮೆನು ಬರ್ಲಿಲ್ಲ ಅಂದ್ರೆ

ಕೆಲವು ಸೈಟಲ್ಲಿ ಹಿಂಗಾಗುತ್ತೆ, ನೋಡೋಕೆ ಲಿಂಕ್ ಥರ ಇದ್ರೂ ಒಳಗೆ ಅದು ಲಿಂಕ್ ಆಗಿರಲ್ಲ. ಫೋಟೋ ಬಿಟ್ಟು ಐಟಂ ಹೆಸರಿನ ಮೇಲೆ ಒತ್ತಿ ಹಿಡ್ಕೊಂಡು ನೋಡಿ, ಎಷ್ಟೋ ಕಡೆ ಹೆಸರು ಮಾತ್ರ ನಿಜವಾದ ಲಿಂಕ್ ಆಗಿರುತ್ತೆ. ಅದೂ ಆಗ್ಲಿಲ್ಲ ಅಂದ್ರೆ ಲಿಸ್ಟನ್ನೇ ಚಿಕ್ಕದು ಮಾಡ್ಕೊಳ್ಳೋದು ಒಳ್ಳೇದು. ಫಿಲ್ಟರ್ ಹಾಕಿ, ರೇಟ್ ಇಷ್ಟರಿಂದ ಇಷ್ಟು, ಉದ್ದ 60 ಅಡಿ ಮೇಲೆ ಅಂತ, 200 ಇದ್ದಿದ್ದು 15ಕ್ಕೆ ಇಳಿದ್ರೆ ಮೇಲಿಂದ ಶುರುವಾದ್ರೂ ನಷ್ಟ ಇಲ್ಲ. ಸೈಟಿನ ಕೆಳಗೆ 1, 2, 3 ಅಂತ ಪೇಜ್ ನಂಬರ್ ಇದ್ರೆ ಇನ್ನೂ ಒಳ್ಳೇದು, ಹಂಗಿರೋ ಕಡೆ ಬ್ಯಾಕ್ ಒತ್ತಿದ್ರೆ ಕೊನೇಪಕ್ಷ ಅದೇ ನಂಬರಿನ ಪೇಜಿಗಾದ್ರೂ ಬರುತ್ತೆ. ನನಗೆ ಕೇಳಿದ್ರೆ ತಾನಾಗೇ ಬೆಳೀತಾ ಹೋಗೋ ಲಿಸ್ಟಿಗಿಂತ ಈ ಹಳೇ ನಂಬರ್ ಪದ್ಧತೀನೇ ಮೇಲು, ಎಲ್ಲಿದೀವಿ ಅನ್ನೋದು ಕಣ್ಣಿಗೆ ಕಾಣುತ್ತೆ, ದೊಡ್ಡೋರಿಗೂ ಅರ್ಥ ಆಗುತ್ತೆ.

ಇನ್ನೊಂದು ಜಾಗ ಇದೆ ಜನ ಸಿಕ್ಕಿ ಬೀಳೋದು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಒಳಗೆ ಯಾವುದೋ ಲಿಂಕ್ ಒತ್ತಿದ್ರೆ ಅದು ಆ ಆ್ಯಪ್ ಒಳಗೇ ಒಂದು ಸಣ್ಣ ಬ್ರೌಸರಲ್ಲಿ ತೆರ್ಕೊಳ್ಳುತ್ತೆ, ಅದರಲ್ಲಿ ಟ್ಯಾಬ್ ಇಲ್ಲ, ಒತ್ತಿ ಹಿಡಿಯೋದೂ ಸರಿ ನಡೆಯಲ್ಲ, ಬ್ಯಾಕ್ ಒಂದು ಜಾಸ್ತಿ ಒತ್ತಿದ್ರೆ ಪೂರ್ತಿ ಹೊರಗೆ. ಉದ್ದ ಏನಾದ್ರೂ ಓದೋದಿದ್ರೆ, ಲಿಸ್ಟ್ ನೋಡೋದಿದ್ರೆ, ಮೊದಲು ಮೂರು ಚುಕ್ಕೆ ಒತ್ತಿ ಹೊರಗಿನ ಬ್ರೌಸರಲ್ಲಿ ತೆಗೀರಿ, ಆಮೇಲೆ ಕೆಳಗೆ ಹೋಗೋಕೆ ಶುರು ಮಾಡಿ.

ಅರ್ಜಿ ಫಾರ್ಮ್ ತುಂಬೋದಾದ್ರೆ ಮಾತ್ರ ಬ್ರೌಸರಿನ ಬ್ಯಾಕ್ ಮುಟ್ಲೇಬೇಡಿ, ಫಾರ್ಮ್ ಒಳಗೆ ಅವ್ರೇ ಕೊಟ್ಟಿರೋ ಹಿಂದೆ ಅನ್ನೋ ಬಟನ್ ಇರುತ್ತೆ, ಅದನ್ನೇ ಒತ್ತಿ. ಮೊದಲು ಕ್ರೋಮಲ್ಲಿ ಕೀಬೋರ್ಡಿನ ಬ್ಯಾಕ್‌ಸ್ಪೇಸ್ ಒತ್ತಿದ್ರೂ ಹಿಂದಿನ ಪೇಜಿಗೆ ಹೋಗ್ತಿತ್ತು, ಎಷ್ಟೋ ಜನರ ತುಂಬಿದ ಫಾರ್ಮ್ ಹಾಳಾಗ್ತಿದ್ದಿದ್ದಕ್ಕೆ 2016ರಲ್ಲಿ ಅದನ್ನ ತೆಗ್ದ್ರು. ಈಗ ಆಲ್ಟ್ ಜೊತೆ ಎಡಗಡೆ ಬಾಣ ಒತ್ತಬೇಕು.

ಸೈಟ್ ಮಾಡೋರು ಇದನ್ನ ಓದಿ

ಇದನ್ನ ಬರೀಲೇಬೇಕು ಅಂತ ಅನ್ಸಿದ್ದು ಕಾರವಾರದಲ್ಲಿರೋ ಗೆಳೆಯನಿಂದ. ಅವ್ನು ಹೋಂಸ್ಟೇ ಬುಕಿಂಗ್ ಸೈಟ್ ಒಂದನ್ನ ಮಾಡಿದಾನೆ, ಗೋಕರ್ಣ, ಕುಮಟಾ, ಹೊನ್ನಾವರ, ಮುರ್ಡೇಶ್ವರ ಕಡೆ ಮನೆಗಳದ್ದು. ನಾನು ಫೋನಲ್ಲಿ ತೆಗ್ದು ಗೋಕರ್ಣ ಅಂತ ಫಿಲ್ಟರ್ ಹಾಕಿ, ಕೆಳಗೆ ಹೋಗಿ ಒಂದು ಮನೆ ನೋಡಿ ಬ್ಯಾಕ್ ಒತ್ತಿದ್ರೆ ಫಿಲ್ಟರೂ ಹೋಯ್ತು ಜಾಗವೂ ಹೋಯ್ತು. ಅವ್ನಿಗೆ ಫೋನ್ ಮಾಡಿ ಹೇಳಿದೆ, ಇಬ್ಬರೂ ಸೇರಿ ಒಂದು ಸಂಜೆ ಕೂತು ಸರಿ ಮಾಡಿದ್ವಿ. ಮಾಡಿದ್ದು ಇಷ್ಟು.

ಕ್ರೋಮ್ ಡೆವ್‌ಟೂಲ್ಸಲ್ಲಿ (ಸೈಟ್ ಮಾಡೋರು ಪೇಜಿನ ಒಳಗನ್ನ ಪರೀಕ್ಷೆ ಮಾಡೋ ಸಲಕರಣೆ) ಅಪ್ಲಿಕೇಶನ್ ಅನ್ನೋ ಟ್ಯಾಬ್ ಒಳಗೆ ಬ್ಯಾಕ್ ಫಾರ್ವರ್ಡ್ ಕ್ಯಾಶ್ ಅಂತ ಇದೆ, ಅದರಲ್ಲಿ ಟೆಸ್ಟ್ ಬಟನ್ ಒತ್ತಿದ್ರೆ ನಿಮ್ಮ ಪೇಜ್ ಯಾಕೆ ಬಿಎಫ್‌ಕ್ಯಾಶಿಗೆ ಹೋಗ್ತಿಲ್ಲ ಅಂತ ಕಾರಣ ಸಮೇತ ಹೇಳುತ್ತೆ. ಅವನದ್ದರಲ್ಲಿ ಎರಡು ಕಾರಣ ಬಂತು. ಕ್ಯಾಶ್ ಕಂಟ್ರೋಲ್ ಹೆಡರಲ್ಲಿ ನೋ ಸ್ಟೋರ್ ಅಂತ, ಅಂದ್ರೆ ಈ ಪೇಜನ್ನ ಇಟ್ಕೋಬೇಡ ಅಂತ, ಎಲ್ಲ ಪೇಜಿಗೂ ಹಾಕಿದ್ದ, ಬೇಕಾಗಿದ್ದು ಪೇಮೆಂಟ್ ಪೇಜಿಗೆ ಮಾತ್ರ. ಇನ್ನೊಂದು, ಸೈಟಿಗೆ ಎಷ್ಟು ಜನ ಬಂದ್ರು ಅಂತ ಎಣಿಸೋ ಯಾವುದೋ ಹಳೇ ಸ್ಕ್ರಿಪ್ಟ್, ಪೇಜ್ ಬಿಟ್ಟು ಹೋಗುವಾಗ ಓಡೋ ಅನ್‌ಲೋಡ್ ಈವೆಂಟ್ ಹಿಡ್ಕೊಂಡಿತ್ತು, ಅದನ್ನ ಪೇಜ್‌ಹೈಡ್ ಈವೆಂಟಿಗೆ ಬದಲಿಸಿದ್ವಿ. ಈ ಎರಡಕ್ಕೇ ಮುಕ್ಕಾಲು ಸಮಸ್ಯೆ ಹೋಯ್ತು.

ಆದ್ರೆ ಬಿಎಫ್‌ಕ್ಯಾಶ್ ನಂಬ್ಕೊಂಡು ಕೂರೋಕಾಗಲ್ಲ, ಕಮ್ಮಿ ರ‍್ಯಾಮಿನ ಫೋನಲ್ಲಿ ಅದು ಹೋಗೇ ಹೋಗುತ್ತೆ, ನಿಮ್ಮ ಸೈಟ್ ನೋಡೋರಲ್ಲಿ ಅಂಥವ್ರೇ ಜಾಸ್ತಿ ಇರಬಹುದು. ಅದಕ್ಕೆ ಫಿಲ್ಟರ್ ಮತ್ತೆ ಎಷ್ಟನೇ ಪೇಜು ಅನ್ನೋದನ್ನ ಯುಆರ್‌ಎಲ್ಲಲ್ಲೇ ಇಡಿ. ಇನ್ನಷ್ಟು ತೋರಿಸಿ ಒತ್ತಿದಾಗೆಲ್ಲ ಹಿಸ್ಟರಿ ರಿಪ್ಲೇಸ್‌ಸ್ಟೇಟ್ ಬಳಸಿ ಯುಆರ್‌ಎಲ್ ಬದಲಿಸಿದ್ರೆ, ಪೇಜ್ ಹೊಸದಾಗಿ ಕಟ್ಟುವಾಗ ಅಷ್ಟೂ ಐಟಂ ಒಟ್ಟಿಗೆ ತರಬಹುದು, ಬ್ರೌಸರಿಗೆ ಹೋಗೋಕೆ ಜಾಗ ಸಿಗುತ್ತೆ. ಫೋಟೋಗಳಿಗೆ ಅಗಲ ಎತ್ತರ ಎರಡನ್ನೂ ಎಚ್‌ಟಿಎಂಎಲ್ಲಲ್ಲೇ ಬರೀರಿ, ಫೋಟೋ ಬರೋ ಮುಂಚೇನೇ ಅದರ ಜಾಗ ಖಾಲಿ ಬಿಟ್ಟಿರುತ್ತೆ, ಇಲ್ದಿದ್ರೆ ಸರಿಯಾದ ಜಾಗಕ್ಕೆ ಬಂದ್ರೂ ಆಮೇಲೆ ಫೋಟೋ ಬಂದು ಎಲ್ಲ ಕೆಳಗೆ ತಳ್ಳುತ್ತೆ.

ಸ್ಕ್ರಾಲ್ ರೆಸ್ಟೊರೇಶನ್ ಅನ್ನೋ ಸೆಟ್ಟಿಂಗ್ ಒಂದಿದೆ, ಕ್ರೋಮಿಗೆ 2015ರಲ್ಲಿ ಬಂದಿದ್ದು, ಅದನ್ನ ಮ್ಯಾನುಯಲ್ ಅಂತ ಇಟ್ರೆ ಬ್ರೌಸರ್ ತನ್ನ ಕೆಲಸ ನಿಲ್ಲಿಸಿಬಿಡುತ್ತೆ, ಎಲ್ಲ ನೀವೇ ಮಾಡ್ಬೇಕು. ಎಲ್ಲೋ ನೋಡಿ ಆ ಒಂದು ಸಾಲು ಕಾಪಿ ಮಾಡಿ ಹಾಕಿ, ಮುಂದಿನ ಕೆಲಸ ಮರ್ತು ಬಿಡೋದೇ ಎಷ್ಟೋ ಸೈಟಿನ ರೋಗ. ನಿಮ್ಮ ಕೋಡಲ್ಲಿ ಅದನ್ನೊಮ್ಮೆ ಹುಡುಕಿ, ಕಾರಣ ಇಲ್ದೇ ಇದ್ರೆ ತೆಗ್ದು ಹಾಕಿ. ರಿಯಾಕ್ಟ್ ರೌಟರ್ ಬಳಸೋರಿಗೆ ಸ್ಕ್ರಾಲ್‌ರೆಸ್ಟೊರೇಶನ್ ಅಂತ ಕಾಂಪೊನೆಂಟೇ ಇದೆ, ವ್ಯೂ ರೌಟರಲ್ಲಿ ಸ್ಕ್ರಾಲ್‌ಬಿಹೇವಿಯರ್ ಒಳಗೆ ಸೇವ್ಡ್ ಪೊಸಿಶನ್ ಸಿಗುತ್ತೆ, ಅದನ್ನೇ ವಾಪಸ್ ಕೊಟ್ರೆ ಆಯ್ತು. ಮತ್ತೆ ಲಿಸ್ಟಿನ ಒಂದೊಂದು ಐಟಮ್ಮೂ ನಿಜವಾದ ಲಿಂಕ್ ಆಗಿರ್ಲಿ ದಯವಿಟ್ಟು, ಆನ್‌ಕ್ಲಿಕ್ ಹಾಕಿದ ಬರೀ ಡಬ್ಬಿ ಬೇಡ, ಒತ್ತಿ ಹಿಡಿದು ಹೊಸ ಟ್ಯಾಬಲ್ಲಿ ತೆಗೆಯೋರ ದಾರೀನೇ ಅದರಿಂದ ಮುಚ್ಚಿಹೋಗುತ್ತೆ.

ಟೆಸ್ಟ್ ಮಾಡುವಾಗ ಆಫೀಸಿನ ವೈಫೈ ಆಫ್ ಮಾಡಿ. ನನ್ನ ಗೆಳೆಯ ಸರಿ ಮಾಡಿದ್ದನ್ನ ಒಂದು ಭಾನುವಾರ ನಮ್ಮನೆಗೆ ಬಂದು ಅಪ್ಪಯ್ಯನ ಫೋನಲ್ಲಿ, ಜಗಲಿ ಕಂಬದಿಂದ ನಾಲ್ಕು ಹೆಜ್ಜೆ ಈಚೆ ನಿಂತು, ಹನ್ನೊಂದು ಸಲ ಬ್ಯಾಕ್ ಒತ್ತಿ ನೋಡಿದ. ಒಂಬತ್ತು ಸಲ ಅದೇ ಮನೆ ಮೇಲೆ ಬಂದು ನಿಂತಿತು, ಎರಡು ಸಲ ಒಂದು ಮನೆಯಷ್ಟು ಮೇಲಕ್ಕೆ ಹೋಗಿತ್ತು, ನೋಡಿದ್ರೆ ಎರಡು ಫೋಟೋಗೆ ಎತ್ತರ ಬರೆಯೋದು ಬಿಟ್ಟು ಹೋಗಿತ್ತು.

ಕೊನೇಗೊಂದು ಸಣ್ಣ ವಿಷಯ, ಹೊಸ ಟ್ಯಾಬ್ ತೆಗೆಯೋ ಅಭ್ಯಾಸ ಆದ್ಮೇಲೆ ಟ್ಯಾಬ್ ರಾಶಿ ಬೀಳುತ್ತೆ, ಕೆಲವರ ಫೋನಲ್ಲಿ ಟ್ಯಾಬ್ ಲೆಕ್ಕದ ಚೌಕದೊಳಗೆ ಅಂಕಿ ಹೋಗಿ ನಗು ಮುಖದ ಗುರುತೇ ಬಂದಿರುತ್ತೆ, ಅಂದ್ರೆ 99 ದಾಟಿದೆ ಅಂತ. ಅಷ್ಟಾದ್ರೆ ರ‍್ಯಾಮ್ ಸಾಲದೆ ಲಿಸ್ಟಿನ ಟ್ಯಾಬೇ ಮತ್ತೆ ಲೋಡ್ ಆಗೋಕೆ ಶುರುವಾಗುತ್ತೆ, ನಾವು ತಪ್ಪಿಸ್ಬೇಕು ಅಂತಿದ್ದಿದ್ದೇ ಇನ್ನೊಂದು ಬಾಗಿಲಿಂದ ಒಳಗೆ ಬರುತ್ತೆ. ಬೇಡ ಅನ್ಸಿದ ಐಟಮಿನ ಟ್ಯಾಬನ್ನ ಅಲ್ಲಲ್ಲೇ ಮುಚ್ಚಿ, ಆರ್ಡರ್ ಮಾಡಿ ಆಗೋವರೆಗೆ ಲಿಸ್ಟಿಂದನ್ನ ಮಾತ್ರ ಬಿಡಿ, ಅದನ್ನ ಎಲ್ಲಕ್ಕಿಂತ ಕೊನೇಗೆ ಮುಚ್ಚಿ.